ಒಂದೇ ಆಟದ ವ್ರತ

ಎಮ್ಮಾ ಟೊನೆಗಾಟೊ 1995ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರಗ್ಬಿ ಆಟಗಾರ್ತಿ. ಹದಿನೆಂಟನೆಯ ವಯಸ್ಸಿಗೆ, 2013ರಲ್ಲಿ, ರಗ್ಬಿ ಲೀಗ್‌ನ ಮಹಿಳಾ ವಿಶ್ವಕಪ್ ಗೆದ್ದ ಆಸ್ಟ್ರೇಲಿಯಾ ತಂಡದಲ್ಲಿದ್ದರು. ಆಮೇಲೆ ಲೀಗ್ ಬಿಟ್ಟು, ರಗ್ಬಿಯ ಇನ್ನೊಂದು ಪ್ರಕಾರವಾದ ಯೂನಿಯನ್‌ಗೆ, ಅದರಲ್ಲೂ ಏಳು ಜನ ಆಡುವ ಸೆವೆನ್ಸ್‌ಗೆ ಹೋದರು. 2016ರ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ ನ್ಯೂಜಿಲೆಂಡನ್ನು 24–17ರಿಂದ ಸೋಲಿಸಿತು. ಆಸ್ಟ್ರೇಲಿಯಾದ ಮೊದಲ ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಗಳಿಸುವ ಅಂಕ) ಟೊನೆಗಾಟೊ ಅವರದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಂಡ ಕ್ವಾರ್ಟರ್‌ಫೈನಲ್‌ನಲ್ಲೇ ಫಿಜಿಗೆ ಸೋತ ಮೇಲೆ ಅವರು ಲೀಗ್‌ಗೆ ಮರಳಿದರು. ಮರಳಿದ ಮೊದಲ ಋತುವಿನಲ್ಲೇ ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಡ್ಯಾಲಿ ಎಂ ಪ್ರಶಸ್ತಿ ಬಂತು. ಅದನ್ನು ಅವರೊಡನೆ ಹಂಚಿಕೊಂಡ ಮಿಲ್ಲಿ ಬಾಯ್ಲ್ ಕೂಡ ಯೂನಿಯನ್‌ನಲ್ಲಿ ದೇಶಕ್ಕಾಗಿ ಆಡಿ ಬಂದವರೇ. 2022ರಲ್ಲಿ ನ್ಯೂಜಿಲೆಂಡನ್ನು 54–4ರಿಂದ ಬಗ್ಗುಬಡಿದು ಲೀಗ್ ವಿಶ್ವಕಪ್ ಗೆದ್ದ ತಂಡದಲ್ಲಿ ಟೊನೆಗಾಟೊ ಮತ್ತೆ ಇದ್ದರು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಆಟದ ಮೈದಾನಗಳಲ್ಲಿ ಚಲಾವಣೆಯಲ್ಲಿರುವ ಅಭಿಪ್ರಾಯದ ಪ್ರಕಾರ ಇದು ಹಾಳಾಗಬೇಕಿದ್ದ ವೃತ್ತಿಜೀವನ. ‘ಒಂದಾಟ ಹಿಡ್ಕಮ್ಮ, ಅದ್ರಾಗ ಗಟ್ಟಿಯಾಗು’ ಎಂಬುದು ಅಲ್ಲಿ ಹುಡುಗಿಯರಿಗೆ ಸಿಗುವ ಮೊದಲ ಉಪದೇಶ. ಕಬಡ್ಡಿಯ ಹುಡುಗಿ ಜೂಡೊ ಕಡೆ ನೋಡಿದರೆ, ಖೊ–ಖೊ ಆಡುವವಳು ಓಟಕ್ಕೆ ಹೆಸರು ಕೊಟ್ಟರೆ, ಎರಡು ದೋಣಿಯಲ್ಲಿ ಕಾಲಿಟ್ಟವಳ ಕಥೆ ಹೊರಬರುತ್ತದೆ. ಆಟ ಬದಲಿಸಿದವಳಿಗೆ ನಿಷ್ಠೆ ಇಲ್ಲ, ತಾಳ್ಮೆ ಇಲ್ಲ, ಮೊದಲ ಆಟದಲ್ಲಿ ಏನೂ ದಕ್ಕಲಿಲ್ಲ ಎಂಬ ಮೂರು ತೀರ್ಪುಗಳು ಒಟ್ಟಿಗೇ ಬೀಳುತ್ತವೆ. ಈ ಅಭಿಪ್ರಾಯ ಬಳ್ಳಾರಿಯದು ಮಾತ್ರವಲ್ಲ. ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಗಳಿಂದ ಹಿಡಿದು ಟಿ.ವಿ. ಸಂದರ್ಶನಗಳವರೆಗೆ ಎಲ್ಲ ಕಡೆ ಇದೆ. ಆದರೆ ಇದರ ಪೆಟ್ಟು ಹೆಚ್ಚು ಬೀಳುವುದು ಆಯ್ಕೆಗಳೇ ಕಡಿಮೆ ಇರುವ ಊರುಗಳ ಮೇಲೆ. ಇದು ತಪ್ಪು ಅಭಿಪ್ರಾಯ. ಇತಿಹಾಸ, ದೇಹಶಾಸ್ತ್ರ, ಹೊಟ್ಟೆಪಾಡು ಮೂರೂ ಇದಕ್ಕೆ ವಿರುದ್ಧವಾಗಿವೆ.

ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು ಶೀಲದ ಪ್ರಶ್ನೆಯಾಗಿ ನೋಡುವ ರೂಢಿ ರಗ್ಬಿಯಲ್ಲಿ ಎಲ್ಲಿಂದ ಬಂತೆಂಬುದು ದಾಖಲೆಯಲ್ಲಿದೆ. ಉತ್ತರ ಇಂಗ್ಲೆಂಡಿನ ಆಟಗಾರರಲ್ಲಿ ಬಹಳಷ್ಟು ಜನ ಗಣಿ, ಗಿರಣಿಗಳ ಕಾರ್ಮಿಕರು. ಶನಿವಾರ ಆಡಲು ಹೋದರೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಕಳೆದುಕೊಂಡ ಕೂಲಿಯನ್ನು ಕ್ಲಬ್ಬುಗಳು ತುಂಬಿಕೊಡಲಿ ಎಂದು ಅವರು ಕೇಳಿದರು. ರಗ್ಬಿಯನ್ನು ಆಳುತ್ತಿದ್ದ ದಕ್ಷಿಣದ ಸಿರಿವಂತರು ಒಪ್ಪಲಿಲ್ಲ. ಹಣಕ್ಕಾಗಿ ಆಡುವುದು ಆಟಕ್ಕೆ ಕಳಂಕ ಎಂದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆಯಾದವು. ಹಾಗೆ ಹೊರಬಂದ ಬಣವೇ ಮುಂದೆ ರಗ್ಬಿ ಲೀಗ್ ಆಯಿತು. 1906ರಲ್ಲಿ ತಂಡಕ್ಕೆ ಹದಿಮೂರು ಜನ ಎಂದು ನಿಯಮ ಮಾಡಿಕೊಂಡಿತು. ಉಳಿದ ಯೂನಿಯನ್, ಲೀಗ್ ಆಡಿದ ಗಂಡಸರನ್ನು ಜೀವನಪರ್ಯಂತ ಬಹಿಷ್ಕರಿಸುತ್ತ ಬಂತು. ಸುಮಾರು ನೂರು ವರ್ಷಗಳ ನಂತರ, 1995ರ ಆಗಸ್ಟ್‌ನಲ್ಲಿ, ತಾನೇ ವೃತ್ತಿಪರ ಆಟವಾದಾಗ ಆ ಬಹಿಷ್ಕಾರಕ್ಕೆ ಅರ್ಥ ಉಳಿಯಲಿಲ್ಲ. ಆಟಗಾರನ ನಿಷ್ಠೆ ಎಂದು ಮೂರು ತಲೆಮಾರು ಹೊಗಳಿದ್ದರ ಬುಡದಲ್ಲಿ ಇದ್ದದ್ದು ಕೂಲಿ ಕೊಡಲು ಮನಸ್ಸಿಲ್ಲದ ಆಡಳಿತ.

ಮಹಿಳಾ ರಗ್ಬಿಗೆ ಈ ಶುದ್ಧಿಯ ಭಾರ ಹೊರಿಸಲು ಆಧಾರವೇ ಇಲ್ಲ. ಯೂನಿಯನ್‌ನ ಮೊದಲ ಮಹಿಳಾ ವಿಶ್ವಕಪ್ ನಡೆದದ್ದು 1991ರಲ್ಲಿ, ವೇಲ್ಸ್‌ನಲ್ಲಿ. 2009ರಲ್ಲಿ ಒಲಿಂಪಿಕ್ ಸಮಿತಿ ಸೆವೆನ್ಸ್‌ಗೆ ಒಪ್ಪಿಗೆ ಕೊಟ್ಟ ಮೇಲೆ ದೇಶ ದೇಶಗಳು ಮಹಿಳಾ ತಂಡಗಳಿಗೆ ಹಣ ಸುರಿದವು, ಆಟಗಾರ್ತಿಯರಿಗೆ ಸಂಬಳದ ಒಪ್ಪಂದಗಳು ಬಂದವು. ಆಗ ಲೀಗ್‌ನಲ್ಲಿದ್ದ ಹುಡುಗಿಯರು ಯೂನಿಯನ್‌ಗೆ ಬಂದರು. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ನಾಲ್ಕು ತಂಡಗಳ ಮಹಿಳಾ ರಗ್ಬಿ ಲೀಗ್ ಟೂರ್ನಿ ಶುರುವಾಯಿತು. ಅದು ಬೆಳೆದ ಹಾಗೆಲ್ಲ ಹರಿವು ಲೀಗ್ ಕಡೆಗೆ ತಿರುಗಿತು. ಟೊನೆಗಾಟೊ ಅವರ ಹೋಗಿ–ಬರುವಿಕೆಯ ವರ್ಷಗಳನ್ನು ಈ ವರ್ಷಗಳ ಪಕ್ಕದಲ್ಲಿಟ್ಟರೆ ಚಂಚಲತೆ ಎಲ್ಲೂ ಕಾಣುವುದಿಲ್ಲ. ಬಾಗಿಲು ತೆರೆದ ಕಡೆ ಹೋದವರು ಅವರು. ಮುಚ್ಚಿದ ಬಾಗಿಲ ಮುಂದೆ ಕಾಯುತ್ತ ಕೂರುವುದನ್ನು ತಾಳ್ಮೆ ಎಂದು ಕರೆಯುವವರು ಆ ಕಾಯುವಿಕೆಯ ಖರ್ಚನ್ನು ಯಾರು ಭರಿಸುತ್ತಾರೆಂದು ಹೇಳುವುದಿಲ್ಲ.

ಇನ್ನು ಆಟ ಬದಲಿಸಿದವಳು ಕಲಿತದ್ದನ್ನೆಲ್ಲ ಕಳೆದುಕೊಳ್ಳುತ್ತಾಳೆ ಎಂಬ ವಾದ. ಎರಡು ರಗ್ಬಿಗಳ ನಿಯಮಗಳಲ್ಲಿ ವ್ಯತ್ಯಾಸ ನಿಜಕ್ಕೂ ದೊಡ್ಡದು. ಯೂನಿಯನ್‌ನ ಪೂರ್ಣ ರೂಪದಲ್ಲಿ ಹದಿನೈದು ಜನ. ಚೆಂಡು ಹಿಡಿದವಳು ನೆಲಕ್ಕೆ ಬಿದ್ದ ಕ್ಷಣವೇ ಚೆಂಡಿಗಾಗಿ ಎರಡೂ ಕಡೆಯವರು ಮುಗಿಬೀಳುತ್ತಾರೆ. ಲೀಗ್‌ನಲ್ಲಿ ಬಿದ್ದವಳು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾಳೆ. ಆರು ಸಲ ಹಿಡಿತಕ್ಕೆ ಸಿಕ್ಕಿದರೆ ಚೆಂಡು ಎದುರಾಳಿಯ ಪಾಲು. ಟ್ರೈಗೆ ಯೂನಿಯನ್‌ನಲ್ಲಿ 5 ಅಂಕ, ಲೀಗ್‌ನಲ್ಲಿ 4. ಸೆವೆನ್ಸ್‌ನಲ್ಲಿ ಏಳೇಳು ನಿಮಿಷದ ಎರಡು ಅವಧಿ, ಅಷ್ಟೇ ದೊಡ್ಡ ಮೈದಾನದಲ್ಲಿ ಅರ್ಧಕ್ಕಿಂತ ಕಡಿಮೆ ಜನ. ಇಷ್ಟೆಲ್ಲ ಬೇರೆಯಾದರೂ ದೇಹ ಕಲಿಯುವ ಪಾಠಗಳು ಒಂದೇ: ಓಡುತ್ತಿರುವವಳ ಸೊಂಟದ ಕೆಳಗೆ ಭುಜ ಕೊಡುವುದು, ತಲೆಯನ್ನು ಸರಿಯಾದ ಪಕ್ಕಕ್ಕೆ ಇಡುವುದು, ವೇಗ ತಗ್ಗಿಸದೆ ದಿಕ್ಕು ಬದಲಿಸುವುದು, ಇಬ್ಬರು ಎದುರಾದಾಗ ಮೂರನೆಯವಳು ಎಲ್ಲಿದ್ದಾಳೆಂದು ತಿರುಗಿ ನೋಡದೆ ತಿಳಿಯುವುದು. ನಿಯಮಪುಸ್ತಕವನ್ನು ಒಂದು ತಿಂಗಳಲ್ಲಿ ಕಲಿಯಬಹುದು. ಈ ಪಾಠಗಳಿಗೆ ಬಾಲ್ಯವೇ ಬೇಕು; ಯಾವ ಆಟದಲ್ಲಿ ಕಲಿತರು ಎಂಬುದು ಅಷ್ಟು ಮುಖ್ಯವಲ್ಲ.

ಕಬಡ್ಡಿ ಗೊತ್ತಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈಡಿಂಗ್‌ಗೆ ಬಂದವಳ ಕಣಕಾಲಿಗೆ ಕೈ ಹಾಕುವವಳ ಸಮಯಪ್ರಜ್ಞೆ, ಇಬ್ಬರು ಕೈ ಕೈ ಹಿಡಿದು ಮೂಲೆಯಿಂದ ಮುಚ್ಚಿಬರುವ ಚಲನೆ, ಗೆರೆ ಮುಟ್ಟಲು ಮೈ ಚಾಚುವ ಕೊನೆಯ ನೆಗೆತ, ಇವೆಲ್ಲ ರಗ್ಬಿಯ ಹಿಡಿತ, ರಕ್ಷಣಾ ಸಾಲು ಮತ್ತು ಟ್ರೈಗಳಿಗೆ ತೀರಾ ಹತ್ತಿರ. ಕಬಡ್ಡಿಯೊಳಗೇ ಎರಡು ಪ್ರಕಾರಗಳಿವೆ ಎಂಬುದನ್ನೂ ನೆನೆಯಬೇಕು. ರಾಷ್ಟ್ರೀಯ ಶೈಲಿಯಲ್ಲಿ ಆಯತದ ಅಂಕಣ, ತಂಡಕ್ಕೆ ಏಳು ಜನ. ಪಂಜಾಬಿನ ಸರ್ಕಲ್ ಶೈಲಿಯಲ್ಲಿ ವೃತ್ತ, ಅದರೊಳಗೆ ಒಬ್ಬರಿಗೊಬ್ಬರ ಸೆಣಸಾಟ. ಇನ್ನು ಮಣ್ಣಿನ ಅಂಕಣದಲ್ಲಿ ಬೆಳೆದ ಹುಡುಗಿ ಮ್ಯಾಟ್ ಮೇಲೆ ಶೂ ಹಾಕಿ ಆಡಲು ಹೋದಾಗ ಅವಳು ಬಹುಪಾಲು ಹೊಸ ಆಟವನ್ನೇ ಕಲಿಯುತ್ತಾಳೆ. ಕಾಲಿನ ಹಿಡಿತ, ಜಾರುವಿಕೆ, ಬೀಳುವ ರೀತಿ ಎಲ್ಲ ಬೇರೆ. ಅದನ್ನು ಯಾರೂ ನಿಷ್ಠಾಭಂಗ ಎನ್ನುವುದಿಲ್ಲ. ಮೇಲಿನವರು ಬದಲಾವಣೆ ತಂದಾಗ ಅದು ಪ್ರಗತಿ, ಹುಡುಗಿ ತಾನಾಗಿ ತಂದುಕೊಂಡಾಗ ಚಪಲ.

ಕರ್ನಾಟಕದ ಅತ್ಯಂತ ಸ್ಪಷ್ಟ ಉದಾಹರಣೆ ಬೆಳಗಾವಿ ತಾಲ್ಲೂಕಿನ ತುರಮುರಿ ಗ್ರಾಮದ ಮಲಪ್ರಭಾ ಜಾಧವ್. ರೈತ ಕುಟುಂಬದ ಮಲಪ್ರಭಾ ಬೆಳೆದದ್ದು ಜೂಡೊದಲ್ಲಿ. ಆದರೆ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಅವರು ಗೆದ್ದ ಕಂಚು ಜೂಡೊದ್ದಲ್ಲ, ಕುರಾಶ್‌ನದು. ಕುರಾಶ್ ಉಜ್ಬೇಕಿಸ್ತಾನದ ಜಾಕೆಟ್ ಕುಸ್ತಿ. ಏಷ್ಯನ್ ಗೇಮ್ಸ್‌ಗೆ ಅದು ಸೇರಿದ್ದು ಅದೇ ಮೊದಲ ಸಲ. 52 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದ ದೆಹಲಿಯ ಪಿಂಕಿ ಬಲ್ಹಾರಾ ಕೂಡ ಜೂಡೊದಿಂದ ಬಂದವರು. ಎರಡು ಕುಸ್ತಿಗಳ ನಡುವಿನ ಅಂತರ ಇಲ್ಲಿ ಗಮನಿಸುವಂಥದ್ದು. ಜೂಡೊದಲ್ಲಿ ಎಸೆದ ಮೇಲೆ ನೆಲದ ಮೇಲೆ ಅದುಮಿ ಹಿಡಿಯುವುದು, ಕತ್ತು ಅಥವಾ ತೋಳು ಬಿಗಿಯುವುದು ಉಂಟು. ಕುರಾಶ್‌ನಲ್ಲಿ ನೆಲದ ಕಾಳಗವೇ ಇಲ್ಲ, ಎಲ್ಲ ನಿಂತೇ ತೀರ್ಮಾನವಾಗಬೇಕು, ಸೊಂಟಪಟ್ಟಿಯ ಕೆಳಗೆ ಕೈ ಹಾಕುವಂತಿಲ್ಲ. ಜೂಡೊ ಕೂಡ 2013ರ ಹೊತ್ತಿಗೆ ಕಾಲಿಗೆ ಕೈ ಹಾಕುವುದನ್ನು ನಿಷೇಧಿಸಿತ್ತು. ಹಾಗಾಗಿ ಆ ವರ್ಷಗಳಲ್ಲಿ ತರಬೇತಿ ಪಡೆದ ಜೂಡೊ ಪಟುವಿಗೆ ಕುರಾಶ್‌ನ ನಿಂತಾಟ ಅರ್ಧಕ್ಕಿಂತ ಹೆಚ್ಚು ಪರಿಚಿತ. ಮೇಲುನೋಟಕ್ಕೆ ಅವಕಾಶವಾದದಂತೆ ಕಾಣುವ ಈ ದಾಟುವಿಕೆಯಲ್ಲಿ ನಿಖರವಾದ ಲೆಕ್ಕಾಚಾರವಿದೆ. ಜೂಡೊ ಬಿಟ್ಟು ಬೇರೇನನ್ನೂ ನೋಡುವುದಿಲ್ಲ ಎಂದು ಮಲಪ್ರಭಾ ಹಟ ಹಿಡಿದಿದ್ದರೆ ಆ ಪದಕ ರಾಜ್ಯಕ್ಕೆ ಬರುತ್ತಿರಲಿಲ್ಲ.

ವಿಜಯಪುರದ ರಾಜೇಶ್ವರಿ ಗಾಯಕವಾಡ ಕ್ರಿಕೆಟ್‌ಗೆ ಬಂದದ್ದು ತಡವಾಗಿ. ಅದಕ್ಕೆ ಮುಂಚೆ ಜಾವೆಲಿನ್, ಡಿಸ್ಕಸ್ ಎಸೆಯುತ್ತಿದ್ದರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತದ್ದು ಅದೇ ಕೈ. ಕಡೂರಿನ ವೇದಾ ಕೃಷ್ಣಮೂರ್ತಿ ಕ್ರಿಕೆಟ್‌ಗೆ ಮುನ್ನ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದಿದ್ದರು. ಇವರಿಬ್ಬರನ್ನು ಹೊಗಳುವಾಗ ಈ ಹಿನ್ನೆಲೆಯನ್ನು ಸ್ವಾರಸ್ಯಕ್ಕೆಂದು ಹೇಳಿ ಮುಗಿಸುತ್ತಾರೆ, ಪಾಠವೆಂದು ಓದುವುದಿಲ್ಲ.

ಇದಕ್ಕಿಂತ ವಿಚಿತ್ರ ಸಂಗತಿ ಎಲಿಸ್ ಪೆರಿಯದು. 2024ರ ಮಾರ್ಚ್ 17ರಂದು ಆರ್‌ಸಿಬಿಯ ಮಹಿಳಾ ಕ್ರಿಕೆಟ್ ತಂಡ ಡಬ್ಲ್ಯುಪಿಎಲ್ ಕಪ್ ಗೆದ್ದ ರಾತ್ರಿ ರಾಜ್ಯದ ಊರೂರುಗಳಲ್ಲಿ ಪಟಾಕಿ ಹಾರಿದವು. ಆ ಟೂರ್ನಿಯಲ್ಲಿ ಅತಿ ಹೆಚ್ಚು, 347 ರನ್ ಹೊಡೆದವರು, ಮುಂಬೈ ವಿರುದ್ಧ 15 ರನ್‌ಗೆ 6 ವಿಕೆಟ್ ತೆಗೆದವರು ಪೆರಿ. ಅವರು ಹದಿನಾರನೆಯ ವಯಸ್ಸಿಗೆ, 2007ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ಆಸ್ಟ್ರೇಲಿಯಾದ ಕ್ರಿಕೆಟ್ ತಂಡಕ್ಕೂ ಫುಟ್ಬಾಲ್ ತಂಡಕ್ಕೂ ಕಾಲಿಟ್ಟವರು. ಎರಡೂ ಆಟಗಳ ವಿಶ್ವಕಪ್ ಆಡಿದವರು. 2011ರ ಫುಟ್ಬಾಲ್ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಗೋಲು ಹೊಡೆದವರು. ಯಾವುದಾದರೂ ಒಂದನ್ನು ಆರಿಸಿಕೊ ಎಂಬ ಒತ್ತಡ ಅವರ ಮೇಲೂ ಬಂದಿತ್ತು. 2012ರಲ್ಲಿ ಅವರು ಆಟ ಬಿಡುವ ಬದಲು ಫುಟ್ಬಾಲ್ ಕ್ಲಬ್ಬನ್ನೇ ಬದಲಿಸಿದರು. ‘ಈ ಸಲ ಕಪ್ ನಮ್ದೇ’ ಎಂದು ಕೂಗುವವರು ಎರಡು ಆಟಗಳ ಹೆಣ್ಣುಮಗಳನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಮರುದಿನ ತಮ್ಮ ಶಾಲೆಯ ಹುಡುಗಿಗೆ ಖೊ–ಖೊ ಬಿಡು ಎನ್ನುತ್ತಾರೆ.

ಎದುರು ಪಕ್ಷದ ವಾದದಲ್ಲಿ ತಿರುಳಿಲ್ಲವೆಂದಲ್ಲ. ಜಿಮ್ನಾಸ್ಟಿಕ್ಸ್, ಡೈವಿಂಗ್‌ನಂಥ ಆಟಗಳಲ್ಲಿ ದೇಹ ಪೂರ್ತಿ ಬೆಳೆಯುವ ಮುನ್ನವೇ ಶಿಖರ ಮುಟ್ಟುವುದಿರುತ್ತದೆ. ಅಲ್ಲಿ ಎಳವೆಯಲ್ಲೇ ಒಂದನ್ನು ಹಿಡಿಯಬೇಕಾಗುತ್ತದೆ. ಹುಡುಗಿಯೊಬ್ಬಳು ಪ್ರತಿವರ್ಷ ಆಟ ಬದಲಿಸುತ್ತ ಯಾವುದರಲ್ಲೂ ಬೆವರು ಸುರಿಸದಿದ್ದರೆ ಅದನ್ನು ಯಾವ ಸಿದ್ಧಾಂತವೂ ಸಮರ್ಥಿಸದು. ಆದರೆ ಈ ಅಪವಾದಗಳನ್ನು ಇಡೀ ಕ್ರೀಡಾಲೋಕದ ನಿಯಮವಾಗಿ ಹಿಗ್ಗಿಸುವುದು ಸರಿಯಲ್ಲ. ಅಮೆರಿಕದ ಮಕ್ಕಳ ತಜ್ಞವೈದ್ಯರ ಅಕಾಡೆಮಿ 2016ರ ವರದಿಯಲ್ಲಿ, ಹೆಚ್ಚಿನ ಆಟಗಳಲ್ಲಿ ಒಂದಕ್ಕೇ ಸೀಮಿತವಾಗುವುದನ್ನು 15–16ರ ವಯಸ್ಸಿನವರೆಗೆ ಮುಂದೂಡುವುದು ಒಳಿತು ಎಂದಿತು. ಒಂದೇ ಚಲನೆಯನ್ನು ಪದೇ ಪದೇ ಮಾಡಿ ಬರುವ ಗಾಯ, ಮನಸ್ಸಿನ ಬಳಲಿಕೆ ಅದಕ್ಕೆ ಕಾರಣ. ಜರ್ಮನಿಯ ಆರ್ನೆ ಗ್ಯುಲಿಷ್ ಮತ್ತು ಸಂಗಡಿಗರು 6,096 ಕ್ರೀಡಾಪಟುಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅವರಲ್ಲಿ 772 ಮಂದಿ ವಿಶ್ವದ ಅಗ್ರ ಸಾಲಿನವರು. ಆ ಅಗ್ರರು, ತಮಗಿಂತ ಒಂದು ಮೆಟ್ಟಿಲು ಕೆಳಗೆ ನಿಂತವರಿಗಿಂತ, ಬಾಲ್ಯದಲ್ಲಿ ಬೇರೆ ಬೇರೆ ಆಟಗಳ ತರಬೇತಿ ಹೆಚ್ಚು ಪಡೆದಿದ್ದರು, ಮುಖ್ಯ ಆಟಕ್ಕೆ ತಡವಾಗಿ ಬಂದಿದ್ದರು. ಕಿರಿಯರ ಮಟ್ಟದಲ್ಲಿ ಫಲಿತಾಂಶ ತಿರುಗುಮುರುಗು: ಬೇಗ ಒಂದಕ್ಕೆ ಅಂಟಿಕೊಂಡವರೇ ಅಲ್ಲಿ ಮುಂದು. ಒಂದೇ ಆಟದ ವ್ರತಕ್ಕೆ ಮೈದಾನಗಳಲ್ಲಿ ಅಷ್ಟೊಂದು ಭಕ್ತರಿರುವುದಕ್ಕೆ ಕಾರಣ ಇಲ್ಲೇ ಸಿಗುತ್ತದೆ. ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ ಎಂದು ಮೆಟ್ಟಿಲು ಹತ್ತುವಾಗ ಗೆಲ್ಲುವುದು ಬೇಗ ಪಳಗಿದ ಮಗುವೇ. ಶಾಲೆಯ ಕಪಾಟಿನಲ್ಲಿ ಫಲಕ ಇಡುವುದೂ ಅದೇ. ಆ ಮಗು ಇಪ್ಪತ್ತೆರಡನೆಯ ವಯಸ್ಸಿಗೆ ಎಲ್ಲಿರುತ್ತದೆ ಎಂಬ ಲೆಕ್ಕವನ್ನು ಶಾಲೆ ಇಡುವುದಿಲ್ಲ.

ಹುಡುಗಿಯರ ಮಟ್ಟಿಗೆ ಗಾಯದ ಮಾತು ಇನ್ನೂ ಗಂಭೀರ. ಥಟ್ಟನೆ ತಿರುಗುವ, ನೆಗೆದು ಇಳಿಯುವ ಆಟಗಳಲ್ಲಿ ಮಂಡಿಯ ಒಳಗಿನ ಮುಂಭಾಗದ ಅಡ್ಡ ಅಸ್ಥಿರಜ್ಜು (ಎಸಿಎಲ್) ಹರಿಯುವ ಅಪಾಯ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಸ್ಪಷ್ಟವಾಗಿ ಹೆಚ್ಚು. ಬೇರೆ ಬೇರೆ ಚಲನೆಗಳಲ್ಲಿ ಪಳಗಿದ, ನೆಗೆದು ಇಳಿಯುವುದನ್ನು ಸರಿಯಾಗಿ ಕಲಿತ ಕಾಲಿಗೆ ರಕ್ಷಣೆ ಇದೆ. ಸಿರುಗುಪ್ಪದ ಹಳ್ಳಿಯಿಂದ ಬಂದ ಹುಡುಗಿಯ ಮಂಡಿಗೆ ಶಸ್ತ್ರಚಿಕಿತ್ಸೆ, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ ಎಂದರೆ ಅವಳ ಆಟ ಅಲ್ಲಿಗೆ ಮುಗಿದಂತೆ.

ನ್ಯೂಜಿಲೆಂಡ್ ಈ ವಿಷಯವನ್ನು ತಲೆಕೆಳಗು ಮಾಡಿ ನೋಡಿತು. ಸೆವೆನ್ಸ್ ಒಲಿಂಪಿಕ್ಸ್‌ಗೆ ಸೇರಿದ ಮೇಲೆ ಅಲ್ಲಿನ ರಗ್ಬಿ ಸಂಸ್ಥೆ 2012ರಲ್ಲಿ ‘ಗೋ ಫಾರ್ ಗೋಲ್ಡ್’ ಎಂಬ ಶೋಧ ಶಿಬಿರಗಳನ್ನು ನಡೆಸಿ, ಬೇರೆ ಆಟಗಳ ಹುಡುಗಿಯರೇ ಬನ್ನಿ ಎಂದು ಕರೆಯಿತು. ನೆಟ್‌ಬಾಲ್ ಆಡುತ್ತಿದ್ದ ಪೋರ್ಷಾ ವುಡ್‌ಮನ್ ಹಾಗೆ ಬಂದವರು. ಅವರ ಬಳಿ ಇವತ್ತು ಒಲಿಂಪಿಕ್ಸ್‌ನ ಎರಡು ಚಿನ್ನ, ಒಂದು ಬೆಳ್ಳಿ, ಹದಿನೈದರ ಆಟದ ಎರಡು ವಿಶ್ವಕಪ್‌ಗಳಿವೆ. ಆಸ್ಟ್ರೇಲಿಯಾದ ಷಾರ್ಲೆಟ್ ಕ್ಯಾಸ್ಲಿಕ್ 2020ರಲ್ಲಿ ಲೀಗ್ ಆಡಲು ಹೋಗಿ ಬೆನ್ನೆಲುಬಿಗೆ ಪೆಟ್ಟು ಮಾಡಿಕೊಂಡರು. ‘ಹೇಳಿರಲಿಲ್ಲವೇ’ ಎನ್ನುವವರಿಗೆ ಆ ಘಟನೆ ಹಬ್ಬ. ಆದರೆ ಸೆವೆನ್ಸ್‌ಗೆ ಮರಳಿದ ಕ್ಯಾಸ್ಲಿಕ್ 2022ರಲ್ಲಿ ಕಾಮನ್‌ವೆಲ್ತ್ ಚಿನ್ನವನ್ನೂ ಸೆವೆನ್ಸ್ ವಿಶ್ವಕಪ್ಪನ್ನೂ ಗೆದ್ದರು.

ಭಾರತದ ಮಹಿಳಾ ರಗ್ಬಿಯಂತೂ ಬೇರೆ ಆಟಗಳಿಂದ ಬಂದವರ ಬಲದ ಮೇಲೆಯೇ ನಿಂತಿದೆ. ಬಿಹಾರದ ಬಾಢ್ ಕಡೆಯ ಸ್ವೀಟಿ ಕುಮಾರಿ ಓಟಗಾರ್ತಿಯಾಗಿದ್ದವರು. 2019ರಲ್ಲಿ ಮಹಿಳಾ ರಗ್ಬಿಯ ಸುದ್ದಿ ಸಂಸ್ಥೆ ‘ಸ್ಕ್ರಮ್‌ಕ್ವೀನ್ಸ್’ ಅವರನ್ನು ವರ್ಷದ ಅಂತರರಾಷ್ಟ್ರೀಯ ಯುವ ಆಟಗಾರ್ತಿ ಎಂದು ಹೆಸರಿಸಿತು. ಅದೇ ವರ್ಷ ಮನಿಲಾದಲ್ಲಿ ಭಾರತದ ವನಿತೆಯರು ಸಿಂಗಾಪುರವನ್ನು 21–19ರಿಂದ ಸೋಲಿಸಿ, ಹದಿನೈದು ಜನರ ಆಟದಲ್ಲಿ ತಮ್ಮ ಮೊದಲ ಗೆಲುವು ಕಂಡರು. ಎಂಟನೆಯ ವಯಸ್ಸಿನಿಂದ ರಗ್ಬಿಯನ್ನೇ ಆಡಿ ಬೆಳೆದ ಹುಡುಗಿಯರಿಗಾಗಿ ಕಾದಿದ್ದರೆ ಆ ತಂಡ ಮೈದಾನಕ್ಕಿಳಿಯುತ್ತಲೇ ಇರಲಿಲ್ಲ.

ಬಳ್ಳಾರಿ ಜಿಲ್ಲೆಯ ಶಾಲೆಗಳಲ್ಲಿ ಬಹು ಆಟಗಳ ಬಾಲ್ಯ ಈಗಾಗಲೇ ಇದೆ, ಬಡತನದ ಕೊಡುಗೆಯಾಗಿ. ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕಬಡ್ಡಿ ತಂಡದ ಹುಡುಗಿಯರೇ ಖೊ–ಖೊ ತಂಡ, ಅವರೇ ಥ್ರೋಬಾಲ್, ರಿಲೇಗೂ ಅವರೇ. ಬೇರೆ ಹುಡುಗಿಯರು ಸಿಗುವುದಿಲ್ಲ. ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ನಾಟಿಯ ದಿನಗಳು ಬಂದರೆ ಅಭ್ಯಾಸಕ್ಕೆ ಅವರೂ ಪೂರ್ತಿ ಸಿಗುವುದಿಲ್ಲ. ಪಿ.ಇ. ಮೇಷ್ಟ್ರು ಇದನ್ನು ಕೊರತೆ ಎಂದು ನೊಂದುಕೊಳ್ಳುತ್ತಾರೆ. ಸಂಶೋಧಕರು ಶ್ರೀಮಂತ ದೇಶಗಳ ಮಕ್ಕಳಿಗೆ ಬೇಕೆಂದು ಹೇಳುತ್ತಿರುವುದು ಬಹುಮಟ್ಟಿಗೆ ಇದನ್ನೇ. ಕೆಡುವುದು ಮುಂದಿನ ಹಂತದಲ್ಲಿ. ಕ್ರೀಡಾ ಇಲಾಖೆಯ ವಸತಿ ನಿಲಯಕ್ಕೆ ಎಳೆಯ ವಯಸ್ಸಿನಲ್ಲೇ ಆಯ್ಕೆಯಾಗುವ ಹುಡುಗಿಯನ್ನು ಒಂದು ಆಟದ ಹೆಸರಿನಲ್ಲಿ ಸೇರಿಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಅವಳ ಊಟ, ಹಾಸಿಗೆ, ಓದು ಎಲ್ಲವೂ ಆ ಆಟಕ್ಕೆ ಕಟ್ಟುಬೀಳುತ್ತವೆ. ಆಟ ಬದಲಿಸುವುದೆಂದರೆ ಸೀಟು ಬಿಟ್ಟುಕೊಟ್ಟು ಊರಿಗೆ ಬರುವುದು. ಊರಿಗೆ ಬಂದವಳಿಗೆ ಮನೆಯಲ್ಲಿ ಗಂಡು ನೋಡಲು ಶುರುಮಾಡುತ್ತಾರೆ.

ಸೀಟುಗಳು ಕಡಿಮೆ, ಒಬ್ಬಳು ಆಟ ಬಿಟ್ಟರೆ ಇಲಾಖೆಯ ಹಣ ವ್ಯರ್ಥ ಎಂಬುದು ಆಡಳಿತದ ಕಡೆಯ ಗಟ್ಟಿ ಮಾತು. ಸೀಟನ್ನು ಆಟಕ್ಕೆ ಕಟ್ಟಿರುವುದರಿಂದಲೇ ಅದು ಗಟ್ಟಿಯಾಗಿ ಕೇಳಿಸುತ್ತದೆ. ಹುಡುಗಿಗೆ ಕಟ್ಟಿದ್ದರೆ ವ್ಯರ್ಥವಾಗುವಂಥದ್ದು ಏನೂ ಇರುವುದಿಲ್ಲ: ಕಬಡ್ಡಿಗೆ ಬಂದವಳು ಎರಡು ವರ್ಷದ ನಂತರ ಕುಸ್ತಿ ಅಥವಾ ಜೂಡೊಗೆ ಹೆಚ್ಚು ಹೊಂದುತ್ತಾಳೆಂದು ಕಂಡರೆ ಅದೇ ಹಾಸಿಗೆಯಲ್ಲಿದ್ದುಕೊಂಡು ಬೇರೆ ಅಂಕಣಕ್ಕೆ ಹೋಗಬಹುದು. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು 2018ರಲ್ಲಿ ಆರಂಭಿಸಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಜೂಡೊ, ಬಾಕ್ಸಿಂಗ್, ಅಥ್ಲೆಟಿಕ್ಸ್ ಒಂದೇ ಆವರಣದಲ್ಲಿವೆ. ಕುರುಗೋಡಿನ ಕಬಡ್ಡಿ ಹುಡುಗಿಗೂ ಆ ಜೂಡೊ ಮ್ಯಾಟಿಗೂ ನಡುವೆ ಇರುವುದು ಜಿಲ್ಲೆಯೊಳಗಿನ ರಸ್ತೆ ಮಾತ್ರ. ಅಡ್ಡ ನಿಂತಿರುವುದು ಆಟ ಬದಲಿಸಿದವಳು ಸೋತವಳು ಎಂಬ ಮಾತು.

ಕಬಡ್ಡಿಗೇ ನಿಷ್ಠಳಾಗಿ ಉಳಿದವಳಿಗೆ ಸಿಗುವುದೇನು ಎಂಬುದೂ ದಾಖಲೆಯಲ್ಲಿದೆ. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ತಂಡದ ನಾಯಕಿ. 2010, 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಅವರ ಬದುಕನ್ನು ನಡೆಸಿದ್ದು ರೈಲ್ವೆಯ ನೌಕರಿ. ಪುರುಷರ ಪ್ರೊ ಕಬಡ್ಡಿ 2014ರಲ್ಲಿ ಶುರುವಾಗಿ ಕೋಟಿಗಳ ಹರಾಜಿಗೆ ಬೆಳೆಯಿತು. ಅದರ ಜೊತೆಗೇ 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಜುಲೈ 31ರಂದು ಹೈದರಾಬಾದಿನ ಫೈನಲ್‌ನಲ್ಲಿ ಬೆಂಗಳೂರಿನ ತೇಜಸ್ವಿನಿ ಬಾಯಿ ನಾಯಕತ್ವದ ಸ್ಟಾರ್ಮ್ ಕ್ವೀನ್ಸ್, ಮಮತಾ ನಾಯಕತ್ವದ ಫೈರ್ ಬರ್ಡ್ಸ್ ತಂಡವನ್ನು 24–23ರಿಂದ, ಒಂದೇ ಒಂದು ಅಂಕದಿಂದ ಸೋಲಿಸಿತು. ಎರಡೂ ಕಡೆ ಕನ್ನಡ ನಾಡಿನ ನಾಯಕಿಯರು, ಕೊನೆಯ ಕ್ಷಣದವರೆಗೆ ತೂಗಿದ ಪಂದ್ಯ. ಎರಡನೆಯ ಆವೃತ್ತಿ ನಡೆಯಲಿಲ್ಲ.